ಒಂದನೇ ನಂಬರಿನ ಬಾಕ್ಸು

ಎಲ್ಲ ರಾದ್ಧಾಂತಕ್ಕೂ ಮೂಲ ಗೋಡೆಯ ಒಂದು ತೂತು. ಸರಿಯಾಗಿ ಹೇಳಬೇಕೆಂದರೆ, ಆ ಗೋಡೆಗೆ ಎರಡನೆಯ ತೂತು ಇಲ್ಲದಿದ್ದುದೇ ಮೂಲ.

ಕೊಟ್ಟೂರಿನ ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ ಚೀಲ ತೂಗುವ ಗುರುಬಸವರಾಜನ ಮನೆಯ ಮೇಲೆ ಒಂದು ಡಿಶ್ ಇತ್ತು. ಊರವರ ಬಾಯಲ್ಲಿ ಅದು ಛತ್ರಿ. ಛತ್ರಿಯಿಂದ ಇಳಿದ ಕೇಬಲ್ಲು ಆ ತೂತಿನೊಳಗೆ ನುಸುಳಿ ಪಡಸಾಲೆಯ ಟಿವಿಗೆ ಸೇರುತ್ತಿತ್ತು. ಟಿವಿ ಒಂದು, ರಿಮೋಟು ಒಂದು, ಅದಕ್ಕೆ ಚಾಚುವ ಕೈಗಳು ಎಂಟು. ಅಪ್ಪ ಪಾಲಾಕ್ಷಪ್ಪನಿಗೆ ವಾರ್ತೆ ಬೇಕು. ವಾರ್ತೆಯೆಂದರೆ ಯಾರಾದರೂ ಯಾರನ್ನಾದರೂ ಬೈಯುತ್ತಿರಬೇಕು. ಅಪ್ಪನ ಅಕ್ಕ ಭರಮಮ್ಮ ಹಡಗಲಿಯ ಮಲ್ಲಿಗೆ ತೋಟವನ್ನು ಮಕ್ಕಳಿಗೆ ವಹಿಸಿ, ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದು ಆರು ವರ್ಷವಾಗಿತ್ತು. ಅವಳಿಗೆ ದೇವರ ಧಾರಾವಾಹಿ ಬೇಕು. ಹೆಂಡತಿ ಶಿವಲೀಲಾಗೆ ಅತ್ತೆ ಸೊಸೆಯರ ಧಾರಾವಾಹಿ. ಗುರುಬಸವರಾಜನಿಗೆ ಬೇಕಾದದ್ದು ಕ್ರಿಕೆಟ್ ಮಾತ್ರ, ಸಿಗದೇ ಇದ್ದದ್ದೂ ಅದೊಂದೇ.

ಮದುವೆಯಾಗಿ ಹನ್ನೊಂದು ವರ್ಷ. ಆ ಹನ್ನೊಂದು ವರ್ಷದಲ್ಲಿ ಅವನು ಒಂದೇ ಒಂದು ಪಂದ್ಯದ ಕೊನೆಯ ಓವರು ನೋಡಿರಲಿಲ್ಲ. ಎರಡು ಓವರು ಉಳಿದಿವೆ ಎನ್ನುವಾಗ ಯಾವುದೋ ಸೊಸೆಗೆ ವಿಷ ಹಾಕುವ ಹೊತ್ತಾಗುತ್ತಿತ್ತು, ಇಲ್ಲವೇ ಯಾವುದೋ ರಾಕ್ಷಸ ಹುಟ್ಟುತ್ತಿದ್ದ. ರಿಮೋಟು ಕೈಬಿಡುತ್ತಿತ್ತು. ಮರುದಿನ ಯಾರ್ಡಿನಲ್ಲಿ ಹಮಾಲರು ಕೊನೆಯ ಚೆಂಡನ್ನು ಕೈ ಬೀಸಿ ತೋರಿಸುವಾಗ ಇವನು ತಕ್ಕಡಿಯ ಮುಳ್ಳು ನೋಡುತ್ತ ನಿಲ್ಲುತ್ತಿದ್ದ. ನಗುವವರು ನಗಲಿ, ಅವನ ಪಾಲಿಗೆ ಅದು ನಿಜವಾದ ದುಃಖ.

ಈ ಭಾನುವಾರ ಮಧ್ಯಾಹ್ನ ಎರಡಕ್ಕೆ ಫೈನಲ್ಲು. ಇದೊಂದನ್ನಾದರೂ ಕೊನೆಯ ಚೆಂಡಿನವರೆಗೆ ನೋಡಬೇಕೆಂದು ಅವನು ಹಟ ತೊಟ್ಟಿದ್ದ. ಹೊಸಪೇಟೆಯ ಲಾಡ್ಜೊಂದು ಕೋಣೆಗಳಿಗೆ ದೊಡ್ಡ ಟಿವಿ ಹಾಕಿಸಿ ಹಳೆಯ ಸಣ್ಣ ಟಿವಿಗಳನ್ನು ಮಾರುತ್ತಿರುವುದು ತಿಳಿದು, ಮೂರನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದ. ಮನೆಯಲ್ಲಿ ನಾಲ್ವರು, ನಾಲ್ಕು ಟಿವಿ, ಇನ್ನು ಜಗಳವೆಲ್ಲಿ ಎಂದುಕೊಂಡಿದ್ದ ಪಾಪ.

ಆದರೆ ನಾಲ್ಕು ಟಿವಿಗೆ ನಾಲ್ಕು ಕೇಬಲ್ಲು ಬೇಕು, ಅಂದರೆ ಗೋಡೆಗೆ ಇನ್ನೂ ಮೂರು ತೂತು. ಹೋದ ವರ್ಷ ನೀರಿನ ಫಿಲ್ಟರ್ ಕೂರಿಸಲು ಡ್ರಿಲ್ ಹಿಡಿದಾಗ ಒಂದು ಮಾರು ಗಾರೆ ಕಳಚಿ ಪಾಲಾಕ್ಷಪ್ಪನ ತಟ್ಟೆಯೊಳಗೆ ಬಿದ್ದಿತ್ತು. ಅಂದೇ ಅವರು ಘೋಷಿಸಿದ್ದರು: "ಈ ಗ್ವಾಡಿಗೆ ಇನ್ನೊಂದು ತೂತು ಬಿತ್ತಂದ್ರ ನಾನು ಈ ಮನ್ಯಾಗ ಇರಂಗಿಲ್ಲ."

ಗುರುಬಸವರಾಜ ಕೂಡ್ಲಿಗಿಯ ಡಿಶ್ ಮೆಕ್ಯಾನಿಕ್ ರಾಮಾಂಜಿನಿಗೆ ಫೋನು ಹಚ್ಚಿದ. ಅವನು ನಕ್ಕ.

"ಒಂದಾ ಕೇಬಲ್ ಸಾಕಲ್ಲಣ್ಣಾ. ಈಗ ಬ್ಯಾರೆ ನಮೂನಿ ಡಬ್ಬಿ ಬಂದೈತಿ. ಛತ್ರಿ ಮೂತಿಗೆ ಅದನ್ನ ಹಾಕಿದ್ರ ಒಂದಾ ಕೇಬಲ್‌ನ್ಯಾಗ ನಾಕು ಟಿವಿ ನಡೀತಾವ. ಯಾರು ಯಾವ ಚಾನಲ್ ಬೇಕಾದ್ರೂ ನೋಡಬಹುದು."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ರಾಮಾಂಜಿನಿ ಬೈಕಿನಲ್ಲಿ ಬಂದಿಳಿದ. ಛತ್ರಿಯ ಮೂತಿ ಬಿಚ್ಚಿ ಹೊಸ ಡಬ್ಬಿ ಕೂರಿಸಿದ. ಇದ್ದ ತೂತಿನಿಂದಲೇ ಹೊಸ ಕೇಬಲ್ಲು ಇಳಿಬಿಟ್ಟು, ಒಳಗೆ ಅದನ್ನು ನಾಲ್ಕು ಕವಲು ಮಾಡಿ, ಬಾಗಿಲ ಮೇಲಿನ ಸಂದಿಗಳಲ್ಲಿ ಎಳೆದು, ಒಂದೊಂದು ಟಿವಿಗೂ ಒಂದೊಂದು ಸೆಟ್‌ಟಾಪ್ ಬಾಕ್ಸು ಜೋಡಿಸಿದ. ಒಂದು ಪಡಸಾಲೆಯಲ್ಲಿ ಪಾಲಾಕ್ಷಪ್ಪನಿಗೆ, ಒಂದು ನಡುಮನೆಯಲ್ಲಿ ಭರಮಮ್ಮನಿಗೆ, ಒಂದು ಅಡುಗೆಮನೆಯಲ್ಲಿ ಶಿವಲೀಲಾಗೆ, ಒಂದು ಹಿತ್ತಲ ಕಡೆ ಚೀಲ ಒಟ್ಟುವ ಕೋಣೆಯಲ್ಲಿ ಗುರುಬಸವರಾಜನಿಗೆ. ಗೋಡೆಯಿಂದ ಒಂದು ಚೂರು ಗಾರೆಯೂ ಉದುರಲಿಲ್ಲ. ಪಾಲಾಕ್ಷಪ್ಪ ಕೂಡ "ಹುಡುಗ ಕೈಚಳಕದವ" ಎಂದರು.

ಎಲ್ಲರನ್ನೂ ಪಡಸಾಲೆಗೆ ಕರೆದು ರಾಮಾಂಜಿನಿ ವಿವರಿಸಿದ. "ಇದು ಹೋಟೆಲ್ ಇದ್ದಂಗ ನೋಡ್ರಿ. ಮ್ಯಾಲಿರೋ ಡಬ್ಬಿ ಸಪ್ಲೈಯರ್. ಕೇಬಲ್ ಒಂದಾ ದಾರಿ. ನಿಮ್ಮ ನಾಕು ಬಾಕ್ಸು ನಾಕು ಟೇಬಲ್. ಒಂದೊಂದಕ್ಕ ಒಂದೊಂದು ನಂಬರ್. ನೀವು ಮಂಡಕ್ಕಿ ಕೇಳಿದ್ರ ನಿಮ್ಮ ನಂಬರಿಗೆ ಮಂಡಕ್ಕಿ, ಅವರು ಚಾ ಕೇಳಿದ್ರ ಅವರ ನಂಬರಿಗೆ ಚಾ. ಎರಡು ಟೇಬಲ್ಲಿಗೆ ಒಂದಾ ನಂಬರ್ ಬಿತ್ತೋ, ಕೆಟ್ಟಿತು. ಯಾರು ಕಡೀಗೆ ಕೂಗಿದ್ರೋ ಅವರದಷ್ಟಾ ಬರತೈತಿ, ಇನ್ನೊಬ್ಬರ ಟಿವಿ ಖಾಲಿ. ತಿಳೀತಲ್ರಿ?"

ಎಲ್ಲರೂ ತಲೆಯಾಡಿಸಿದರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ರಾಮಾಂಜಿನಿ ರಿಮೋಟು ಹಿಡಿದು, ಲೋಕ ಕಾಣದ ಕೂಸಿನ ಹಾಗೆ ಕೇಳಿದ: "ಮತ್ತ ಒಂದನೇ ನಂಬರ್ ಯಾರಿಗ್ರಿ?"

ಎಲ್ಲರ ಬೆನ್ನೂ ನೆಟ್ಟಗಾಯಿತು.

ಈ ಮನೆತನದಲ್ಲಿ ಒಂದು ಎಂಬುದು ಲೆಕ್ಕದ ಮಗ್ಗಿಯಲ್ಲಿ ಬರುವ ಬರಿಯ ಒಂದಲ್ಲ. ಈ ಸೀಮೆಯಲ್ಲಿ ನಿಶ್ಚಯವಿರಲಿ, ನ್ಯಾಯ ಪಂಚಾಯ್ತಿ ಇರಲಿ, ವೀಳ್ಯ ಕೊಡುವಾಗ ಹೆಸರು ಕೂಗುವ ಸರದಿ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಹರಪನಹಳ್ಳಿಯ ಒಂದು ಮದುವೆಯಲ್ಲಿ ತಮ್ಮ ಹೆಸರನ್ನು ಎರಡನೆಯದಾಗಿ ಕೂಗಿದರೆಂದು ಪಾಲಾಕ್ಷಪ್ಪ ಎಲೆಯಡಿಕೆ ಮುಟ್ಟದೆ ಎದ್ದು, ಹೋಳಿಗೆ ಊಟ ಬಿಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತಿಂದು ಬಂದಿದ್ದರು. ಅದನ್ನು ಅವರು ಈಗಲೂ ಯುದ್ಧ ಗೆದ್ದವರಂತೆ ಹೇಳುತ್ತಾರೆ.

"ಕೇಳೂದೇನೈತಿ ಇದರಾಗ?" ಎಂದರು ಪಾಲಾಕ್ಷಪ್ಪ, ಮೀಸೆಯ ಮೇಲೆ ಬೆರಳಾಡಿಸುತ್ತ. "ಮನಿ ಯಜಮಾನ ಯಾರದಾನೋ ಅವನಿಗೆ."

"ಯಜಮಾನಂತ!" ಭರಮಮ್ಮ ಗದ್ದಕ್ಕೆ ಕೈ ಹಚ್ಚಿದಳು. "ನಿನ್ನ ಚಡ್ಡಿ ಲಾಡಿ ಕಟ್ಟಿದಾಕಿ ನಾನು. ನಿನಗಿಂತ ಎರಡು ವರ್ಷ ಮೊದಲು ಹುಟ್ಟೀನಿ. ನಾನಿರೂಮಟ ನೀ ಹೆಂಗ ಒಂದು ಆಗತೀಯೋ?"

"ಅಕ್ಕಾ, ನೀ ಕೊಟ್ಟ ಮನಿಯಾಕಿ. ನಿನ್ನ ಒಂದು ಹಡಗಲ್ಯಾಗ ಐತಿ."

"ನೋಡಪಾ, ಆರು ವರ್ಷದ ಮ್ಯಾಲೆ ನನ್ನ ಹೊರಗ ಹಾಕಾಕ ನಿಂತಾನ!"

ಬಾಗಿಲ ಹಿಂದಿನಿಂದ ಶಿವಲೀಲಾ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, ಅಂದಳು: "ಮುಂಜಾನಿ ಐದಕ್ಕ ಎದ್ದು ಎಲ್ಲಾರಿಗಿಂತ ಮೊದಲು ಒಲಿ ಹಚ್ಚಾಕಿ ನಾನು. ಆವಾಗ ಯಾರೂ ಒಂದನೇ ನಂಬರ್ ಕೇಳಾಕ ಬರಂಗಿಲ್ಲ."

"ಅಪ್ಪಾ, ಅತ್ತಿ, ನಂಬರಿನಾಗ ಏನೂ ಇಲ್ರಿ. ಒಂದಕ್ಕೂ ನಾಕಕ್ಕೂ ಚಿತ್ರ ಒಂದಾ ನಮೂನಿ ಬರತೈತಿ" ಎಂದು ಗುರುಬಸವರಾಜ ಕೈಮುಗಿದ.

"ಏನೂ ಇಲ್ಲಾಂದ್ರ ನನಗಾ ಕೊಡು" ಎಂದರು ಮೂವರೂ ಒಟ್ಟಿಗೆ.

ಗಂಟೆ ಹನ್ನೆರಡಾಯಿತು. ರಾಮಾಂಜಿನಿಗೆ ಮುಂದೆ ಕೋಗಳಿಯಲ್ಲಿ ಕೆಲಸವಿತ್ತು. ಗುರುಬಸವರಾಜ ಅವನನ್ನು ಹಿತ್ತಲಿಗೆ ಕರೆದೊಯ್ದು ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ರಾಮಾಂಜಿನಿ ಒಳಗೆ ಬಂದು, ಸೆಟ್ಟಿಂಗ್ ಮಾಡುವಾಗ ಯಾರೂ ನೋಡಬಾರದೆಂದು ಎಲ್ಲರನ್ನೂ ಹೊರಗೆ ಕಳಿಸಿ, ಅಪ್ಪನ ಬಾಕ್ಸಿಗೆ ಒಂದು, ಅತ್ತೆಯದಕ್ಕೆ ಎರಡು, ಶಿವಲೀಲಾಳದಕ್ಕೆ ಮೂರು, ಗುರುಬಸವರಾಜನದಕ್ಕೆ ನಾಲ್ಕು ಹಾಕಿ ಬೈಕು ಹತ್ತಿದ. ಗುರುಬಸವರಾಜ ಒಬ್ಬೊಬ್ಬರ ಬಳಿಗೂ ಹೋಗಿ ಪಿಸುಗುಟ್ಟಿದ: "ಒಂದನೇ ನಂಬರ್ ನಿಮಗಾ ಹಾಕ್ಸೀನಿ. ಯಾರ ಮುಂದನೂ ಹೇಳಬ್ಯಾಡ್ರಿ, ಸುಮ್ಮನ ಹೊಟ್ಟಿಕಿಚ್ಚು ಪಡತಾರ."

ಮೂವರೂ ಉಳಿದಿಬ್ಬರನ್ನು ಕನಿಕರದಿಂದ ನೋಡುತ್ತ ಊಟ ಮಾಡಿದರು. ಮನೆಯಲ್ಲಿ ಅಷ್ಟು ಪ್ರೀತಿ ಹಿಂದೆಂದೂ ಕಂಡಿರಲಿಲ್ಲ. ಎರಡಕ್ಕೆ ಗುರುಬಸವರಾಜ ಚೀಲಗಳ ಮೇಲೆ ಕಾಲು ಚಾಚಿ, ಹುರಿದ ಶೇಂಗಾ ಪಕ್ಕದಲ್ಲಿಟ್ಟುಕೊಂಡು, ಮೊದಲ ಚೆಂಡು ನೋಡಿದ. ಪಡಸಾಲೆಯಲ್ಲಿ ಬೈಗುಳ, ನಡುಮನೆಯಲ್ಲಿ ಶಂಖ, ಅಡುಗೆಮನೆಯಲ್ಲಿ ಸೊಸೆಯ ಅಳು. ಎಲ್ಲವೂ ಅದರದರ ಜಾಗದಲ್ಲಿ. ಅವನ ಕಣ್ಣಲ್ಲಿ ನೀರು ತುಂಬಿತು.

ನಾಲ್ಕು ಗಂಟೆಗೆ ಪಕ್ಕದ ಮನೆಯ ಉಚ್ಚಂಗೆಪ್ಪ ಮೇಷ್ಟ್ರು ಚಹಾಕ್ಕೆ ಬಂದರು. ಹೆಡ್‌ಮಾಸ್ಟರಾಗಿ ರಿಟೈರಾದವರು. ಅವರಿಗೆ ಬಟನ್ ಕಂಡರೆ ಒತ್ತಬೇಕು, ತಪ್ಪು ಕಂಡರೆ ತಿದ್ದಬೇಕು. ತಪ್ಪು ಕಾಣದಿದ್ದರೆ ಬಟನ್ ಒತ್ತಿ ಹುಡುಕಬೇಕು. ಭರಮಮ್ಮನ ಮಂಚದ ತುದಿಯಲ್ಲಿ ಕೂತು, ಕನ್ನಡಕ ಮೂಗಿಗೇರಿಸಿ, ಹೊಸ ರಿಮೋಟನ್ನು ಪರೀಕ್ಷೆ ಪತ್ರಿಕೆಯಂತೆ ತಿರುಗಿಸಿ ನೋಡಿದರು.

"ಮೇಷ್ಟ್ರ, ನಂದು ಒಂದನೇ ನಂಬರ್ರಿ" ಎಂದಳು ಭರಮಮ್ಮ, ಗುಟ್ಟೆಂಬುದನ್ನು ಮರೆತು.

ಮೇಷ್ಟ್ರು ನಾಲ್ಕು ಬಟನ್ ಒತ್ತಿ ಪರದೆಯ ಹತ್ತಿರ ಬಗ್ಗಿದರು. "ಇಲ್ಲಲ್ಲಮ್ಮಾ, ಇಲ್ಲಿ ಎರಡು ಅಂತ ಐತಿ. ತಪ್ಪು ಹಾಕ್ಯಾನ ಆ ಹುಡುಗ. ತಿದ್ದತೀನಿ ತಡಿ." ತಿದ್ದಿದರು.

ಪಡಸಾಲೆಯಲ್ಲಿ ಕೋಟು ಹಾಕಿದವನೊಬ್ಬ ಮೇಜು ಗುದ್ದಲು ಎತ್ತಿದ ಕೈ ಹಾಗೇ ಮಾಯವಾಯಿತು. "ಸಿಗ್ನಲ್ ಇಲ್ಲ" ಎಂದಿತು ಟಿವಿ. ಪಾಲಾಕ್ಷಪ್ಪ ರಿಮೋಟು ಒತ್ತಿದರು. ಕೋಟಿನವನು ಬಂದ, ನಡುಮನೆಯಲ್ಲಿ ದೇವರು ವರ ಕೊಡಬೇಕೆಂದಿದ್ದವನು ಹೋದ. ಭರಮಮ್ಮ ಒತ್ತಿದಳು. ದೇವರು ಬಂದ, ಕೋಟಿನವನು ಹೋದ. ಹೀಗೆ ಹತ್ತು ನಿಮಿಷ ಗೋಡೆಯ ಆಚೀಚೆ ದೇವರು ಮತ್ತು ಕೋಟಿನವನು ಹೋಗಿ ಬಂದು ಮಾಡಿದರು. ಸದ್ದು ಕೇಳಿ ಶಿವಲೀಲಾ ಬಂದಳು, ಮೇಷ್ಟ್ರಿಂದ ತನ್ನ ಬಾಕ್ಸನ್ನೂ ಪರೀಕ್ಷೆ ಮಾಡಿಸಿದಳು. ಅವಳದು ಮೂರು.

"ರೀ!" ಎಂಬ ಒಂದಕ್ಷರಕ್ಕೆ ಗುರುಬಸವರಾಜ ಚೀಲದಿಂದ ಕೆಳಗೆ ಬಿದ್ದ.

ಮುಂದಿನ ಒಂದು ಗಂಟೆ ಅವನು ಪಡಸಾಲೆಯ ನಡುವೆ ನಿಂತ ಅಪರಾಧಿ. "ಹೆತ್ತಪ್ಪಗ ಸುಳ್ಳು ಹೇಳಿದ್ಯಾ" ಎಂದರು ಪಾಲಾಕ್ಷಪ್ಪ, ತಮ್ಮದು ನಿಜವಾಗಿಯೂ ಒಂದೇ ಆಗಿತ್ತು ಎಂಬುದನ್ನು ಗಮನಿಸದೆ. "ನನ್ನ ಎರಡು ಮಾಡಿದಿ, ನನ್ನ!" ಎಂದು ಭರಮಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಶಿವಲೀಲಾ ಒಳಗೆ ಹೋಗಿ ಅವನ ಪಾಲಿನ ಚಹಾವನ್ನು ಬಚ್ಚಲಿಗೆ ಸುರಿದು ಬಂದಳು. ಅದು ಎಲ್ಲಕ್ಕಿಂತ ಕೆಟ್ಟ ಸೂಚನೆ. ಹಿತ್ತಲ ಕೋಣೆಯಿಂದ ಜನರ ಕೂಗು ಕೇಳುತ್ತಲೇ ಇತ್ತು. ಯಾರೋ ಸಿಕ್ಸರು ಹೊಡೆಯುತ್ತಿದ್ದರು, ಯಾರೋ ಔಟಾಗುತ್ತಿದ್ದರು, ಇವನು ಇಲ್ಲಿ ಕೈಕಟ್ಟಿ ನಿಂತಿದ್ದ.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. "ಸರದಿ ಮಾಡೂಣ್ರಿ. ಈ ವಾರ ಒಂದನೇ ನಂಬರ್ ಅತ್ತಿಗೆ, ಬರೂ ವಾರ ಅಪ್ಪಗ, ಅದರ ಆಚೆ ವಾರ ಶಿವಲೀಲಾಗ. ಪ್ರತಿ ಭಾನುವಾರ ನಾನಾ ಬದಲಿ ಮಾಡಿ ಕೊಡತೀನಿ."

"ಮತ್ತ ನೀನು?" ಎಂದು ಕೇಳಿದರು ಮೇಷ್ಟ್ರು.

"ನಂಗ ಯಾವ ಸರದೀನೂ ಬ್ಯಾಡ್ರಿ. ನಂದು ಯಾವತ್ತಿದ್ರೂ ನಾಕಾ ಇರಲಿ. ನಾನು ಕಡೀಯವ."

ಅಷ್ಟು ವಿನಯದ ಮಾತು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಎಲ್ಲರೂ ಒಪ್ಪಿದರು. ಅತ್ತೆಗೆ ಒಂದು, ಅಪ್ಪನಿಗೆ ಎರಡು, ಶಿವಲೀಲಾಗೆ ಮೂರು ಹಾಕಿಕೊಟ್ಟು, ಗುರುಬಸವರಾಜ ಹಿತ್ತಲ ಕೋಣೆಗೆ ಓಡಿ ಚಿಲಕ ಹಾಕಿಕೊಂಡ. ಇನ್ನು ಮೂರು ಓವರು, ಮೂವತ್ತೆರಡು ರನ್ನು. ಮೊದಲ ಚೆಂಡೇ ಬೌಂಡರಿ. ಅವನು "ಹೋಯ್!" ಎಂದು ಎದ್ದು ಕುಣಿದ.

ಆ "ಹೋಯ್" ಪಡಸಾಲೆಯವರೆಗೂ ಕೇಳಿತು. ಮೇಷ್ಟ್ರು ಎರಡನೆಯ ಚಹಾ ಹೀರುತ್ತ ಹುಬ್ಬು ಗಂಟಿಕ್ಕಿದರು.

"ಪಾಲಾಕ್ಷಪ್ಪ, ಒಂದು ಮಾತು ಕೇಳತೀನಿ. ಟಿವಿ ತಂದವ ಅವನು, ಡಬ್ಬಿ ಹಾಕ್ಸಿದವ ಅವನು. ನಿಮ್ಮನ್ನ ಒಂದು ಎರಡು ಮೂರು ಅಂತ ತಿರುಗ್ಸಾಕ ಹಚ್ಚಿ, ತಾನು ಮಾತ್ರ ನಾಕು ಬಿಟ್ಟು ಅಲ್ಲಾಡಂಗಿಲ್ಲ ಅಂತಾನ. ಮ್ಯಾಲೆ ಚಿಲಕ ಬ್ಯಾರೆ."

ಪಾಲಾಕ್ಷಪ್ಪ ಯೋಚಿಸಿದರು. "ಹೌದಲ್ಲ. ಪಂಕ್ತಿಗೆ ಬಡಿಸಿದವ ನಾನು ಕಡೀಗೆ ಉಣ್ತೀನಿ ಅಂತಾನಂದ್ರ, ಒಳಗ ಏನರ ತೆಗೆದಿಟ್ಟಿರತಾನ."

ಆ ಮಾತನ್ನು ನಡುಮನೆಯಲ್ಲಿ ಭರಮಮ್ಮ ಕೇಳಿಸಿಕೊಂಡಳು. ಅಡುಗೆಮನೆಯಲ್ಲಿ ಶಿವಲೀಲಾ ಕೇಳಿಸಿಕೊಂಡಳು. ಮೇಷ್ಟ್ರು ಆಗಲೇ ಮೂವರಿಗೂ ಸೆಟ್ಟಿಂಗಿನ ಬಟನ್ ಕಲಿಸಿದ್ದರು. ಅವರು ಕಲಿಸಿದ್ದನ್ನು ಯಾರಾದರೂ ನೆನಪಿಟ್ಟುಕೊಂಡದ್ದು ಅವರ ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಇದೇ ಮೊದಲು. ಮೂವರೂ ಒಬ್ಬರಿಗೊಬ್ಬರು ಹೇಳದೆ, ತಮ್ಮ ತಮ್ಮ ಬಾಕ್ಸಿನ ನಂಬರನ್ನು ನಾಲ್ಕಕ್ಕೆ ಬದಲಾಯಿಸಿಕೊಂಡರು.

ಅಷ್ಟರಲ್ಲಿ ಕೊನೆಯ ಓವರು ಬಂದಿತ್ತು. ಆರು ಚೆಂಡು, ಹನ್ನೊಂದು ರನ್ನು. ಹನ್ನೊಂದು ವರ್ಷಕ್ಕೆ ಹನ್ನೊಂದು ರನ್ನು ಎಂದು ಗುರುಬಸವರಾಜನಿಗೆ ಮೈ ಜುಮ್ಮೆಂದಿತು. ಮೊದಲ ಚೆಂಡು ಬೌಂಡರಿ, ಕಣ್ಣಾರೆ ನೋಡಿದ. ಎರಡನೆಯದಕ್ಕೆ ಬೌಲರು ಓಡಿ ಬಂದ, ಕೈ ಎತ್ತಿದ.

"ಸಿಗ್ನಲ್ ಇಲ್ಲ."

ಗುರುಬಸವರಾಜ ಶೇಂಗಾ ಚೆಲ್ಲಿಕೊಂಡು ಎದ್ದು ಕೂತ. ರಿಮೋಟು ಒತ್ತಿದ. ಚಿತ್ರ ಬಂತು, ಒಂದು ರನ್ನು ಆಗಿತ್ತು. ಅದೇ ಕ್ಷಣಕ್ಕೆ ಮೂರು ದಿಕ್ಕಿನಿಂದ "ಹೋತು!" ಎಂಬ ಕೂಗು ಕೇಳಿತು. ಮೂರನೆಯ ಚೆಂಡಿಗೆ ಮತ್ತೆ ಕತ್ತಲು. ಒತ್ತಿದ. ಹೊಸ ಬ್ಯಾಟ್ಸ್‌ಮನ್ ನಡೆದು ಬರುತ್ತಿದ್ದ. ಯಾರು ಔಟಾದರು, ಹೇಗೆ ಔಟಾದರು, ಶಿವನೇ ಬಲ್ಲ. ನಾಲ್ಕನೆಯದಕ್ಕೆ ಎರಡು ರನ್ನು, ಅದನ್ನು ನೋಡಿದ. ಐದನೆಯದಕ್ಕೆ ಕತ್ತಲು, ಒತ್ತಿದಾಗ ಮತ್ತೊಂದು ರನ್ನು ಸೇರಿತ್ತು. ಇನ್ನು ಒಂದು ಚೆಂಡು, ಮೂರು ರನ್ನು.

ಹಿಂದೆ ಒಂದು ರಿಮೋಟಿಗೆ ನಾಲ್ವರು ಜಗ್ಗಾಡುತ್ತಿದ್ದೆವು, ಈಗ ನಾಲ್ಕು ರಿಮೋಟು ಹಿಡಿದು ಜಗ್ಗಾಡುತ್ತಿದ್ದೇವೆ ಎಂಬುದು ಅವನಿಗೆ ಹೊಳೆಯಿತು. ಮೂರೂ ಮಂದಿ ತನ್ನ ನಾಲ್ಕಕ್ಕೇ ಬಂದು ಕೂತಿದ್ದಾರೆ! ಅಂದರೆ ಒಂದು, ಎರಡು, ಮೂರು ಖಾಲಿ ಬಿದ್ದಿವೆ! ಮತ್ತೆ ಚಿತ್ರ ಹೋಗಿತ್ತು. ಫೀಲ್ಡಿಂಗ್ ಸರಿಪಡಿಸಲು ನಾಯಕ ಒಂದು ನಿಮಿಷವಾದರೂ ತೆಗೆದುಕೊಳ್ಳುತ್ತಾನೆ. ಗುರುಬಸವರಾಜ ಸೆಟ್ಟಿಂಗು ತೆರೆದು, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದುದನ್ನು ಒತ್ತಿದ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದುದು ಒಂದು.

ಚಿತ್ರ ಬಂತು. ಎಂಥ ಚಿತ್ರ! ಬೌಲರಿನ ಹಣೆಯ ಬೆವರು ಕಾಣುತ್ತಿತ್ತು. ಪರದೆಯ ಮೂಲೆಯಲ್ಲಿ "1" ಎಂಬ ಅಂಕಿ ಇನ್ನೂ ಮಿನುಗುತ್ತಿತ್ತು.

ಅತ್ತ, ಟಿವಿ ಕೈಕೊಟ್ಟದ್ದಕ್ಕೆ ದೂರಲು ಹೊರಟ ಮೂವರೂ ನಡುಮನೆಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಿದ್ದರು. ನೀನೂ ನಾಕಾ, ನೀನೂ ನಾಕಾ ಎಂದು ಗುಟ್ಟು ಹೊರಬಿದ್ದಿತ್ತು. ಆ ನಾಲ್ಕರಲ್ಲಿ ಅಂಥದ್ದೇನಿದೆ ಎಂದು ತಂದವನನ್ನೇ ಕೇಳೋಣವೆಂದು ಮೇಷ್ಟ್ರು ಮುಂದಾಗಿ ನಡೆದರು. ಭರಮಮ್ಮ ಹೆಗಲು ಕೊಟ್ಟು ನೂಕಿದ ಒಂದೇ ಏಟಿಗೆ ಚಿಲಕ ಕಿತ್ತು ಬಂತು.

ಬೌಲರು ಓಡತೊಡಗಿದ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಟಿವಿಯ ಮುಂದೆ ಬಗ್ಗಿದರು.

"ನೋಡ್ರಿ, ನೋಡ್ರಿ! ಒಂದು! ನಮ್ಮನ್ನೆಲ್ಲಾ ನಾಕಕ್ಕ ಕಳಿಸಿ, ಒಂದನೇ ನಂಬರಿನಾಗ ತಾನು ಕುಂತಾನ!"

"ಅಯ್ಯೋ ಮೇಷ್ಟ್ರ, ಸರೀರಿ, ಒಂದು ಚೆಂಡು, ಒಂದಾ ಚೆಂಡು ನೋಡ್ತೀನಿ!"

ಯಾರೂ ಸರಿಯಲಿಲ್ಲ. ಮೇಷ್ಟ್ರ ಎಡಕ್ಕೆ ಪಾಲಾಕ್ಷಪ್ಪ, ಬಲಕ್ಕೆ ಭರಮಮ್ಮ, ಇಬ್ಬರ ನಡುವಿನ ಸಂದಿಗೆ ಶಿವಲೀಲಾ. ಸಾಕ್ಷ್ಯವನ್ನು ಎಲ್ಲರೂ ಕಣ್ಣಾರೆ ನೋಡಬೇಕಿತ್ತು. ಗುರುಬಸವರಾಜನಿಗೆ ಕಂಡದ್ದು ನಾಲ್ಕು ಬೆನ್ನು. ಅವನು ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ, ಚೀಲ ಹತ್ತಿದ. ಚೀಲ ಜಾರಿತು. ಕೆಳಗೆ ಬೀಳುತ್ತಿದ್ದಂತೆ ಇಡೀ ಓಣಿ ಒಂದೇ ಉಸಿರಿಗೆ "ಓ!" ಎಂದು ಕೂಗಿತು. ಸಂತೋಷದ "ಓ" ಯೋ ಸಂಕಟದ "ಓ" ಯೋ, ಬಿದ್ದಲ್ಲಿಂದ ತಿಳಿಯಲಿಲ್ಲ.

"ಯಾರು ಗೆದ್ರು?" ಅವನು ನೆಲದಿಂದಲೇ ಕೂಗಿದ. "ಯಾರರ ಹೇಳ್ರಿ, ಯಾರು ಗೆದ್ರು?"

"ಗೆಲ್ಲೂದು ಸೋಲೂದು ಹಂಗಿರಲಿ" ಎಂದರು ಪಾಲಾಕ್ಷಪ್ಪ, ಬೆನ್ನು ತಿರುಗಿಸದೆ. "ಅಪ್ಪ ಬದುಕಿರೂಮುಂದ ಒಂದನೇ ನಂಬರ್ ಇಟಗೊಂಡಿಯಲ್ಲ, ಮಾನ ಐತೇನು ನಿನಗ?"

"ನಾನು ಕಡೀಯವ ಅಂದವನ ಬಾಯಿ ನೋಡು" ಎಂದಳು ಭರಮಮ್ಮ.

"ಇಷ್ಟು ವರ್ಷ ಸಂಸಾರ ಮಾಡೀನಿ, ಇವರು ಇಂಥವರು ಅಂತ ಗೊತ್ತಿರಲಿಲ್ಲ" ಎಂದಳು ಶಿವಲೀಲಾ.

ನಾಲ್ವರೂ ಮಾತಾಡುತ್ತ, ನ್ಯಾಯ ಬಗೆಹರಿಸಲು ಪಡಸಾಲೆಗೆ ನಡೆದರು. ಗುರುಬಸವರಾಜನ ಮುಂದೆ ಈಗ ಯಾರೂ ಅಡ್ಡವಿರಲಿಲ್ಲ. ಟಿವಿಯಲ್ಲಿ ಟೂತ್‌ಪೇಸ್ಟಿನ ಜಾಹೀರಾತು ಬರುತ್ತಿತ್ತು. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು, ಒಮ್ಮೆಯೂ ಮಿಸುಕಾಡಲಿಲ್ಲ. ಅವನು ನೆಲದ ಮೇಲೆಯೇ ಕೂತು, ಚೆಲ್ಲಿದ ಶೇಂಗಾ ಒಂದೊಂದೇ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತ, ಆ ಜಾಹೀರಾತನ್ನು ಮೊದಲಿಂದ ಕೊನೆಯವರೆಗೆ ಪೂರ್ತಿ ನೋಡಿದ.